ನಲವತ್ತು ಮಿಲಿಸೆಕೆಂಡು

ನಮ್ಮೂರ ಕೆರೆ ಅಷ್ಟೇನೂ ದೊಡ್ಡದಲ್ಲ. ಈಚೆಯ ಏರಿಯ ಮೇಲೆ ಕುಳಿತರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಮುಖ ಕಾಣದಿದ್ದರೂ ಎತ್ತಿದ ಕೈ ಕಾಣುತ್ತದೆ. ಸ್ಕೂಲಿಗೆ ಚಕ್ಕರ್ ಹೊಡೆದು ಆ ಏರಿಯ ಮೇಲೆ ಕಳೆದ ದಿನಗಳಲ್ಲಿ ನಾನೊಂದು ವಿಚಿತ್ರವನ್ನು ಕಂಡುಹಿಡಿದಿದ್ದೆ. ಬಟ್ಟೆ ಕಲ್ಲಿಗೆ ಬಡಿಯುವುದು ಕಣ್ಣಿಗೆ ಕಂಡಾಗ ಶಬ್ದವಿಲ್ಲ. ಅದೇ ಬಟ್ಟೆ ಮತ್ತೆ ತಲೆಯ ಮೇಲಕ್ಕೆ ಎದ್ದು ನಿಂತಾಗ, ಅಂದರೆ ಯಾವ ಶಬ್ದವೂ ಆಗಬೇಕಾಗಿಲ್ಲದ ಹೊತ್ತಿನಲ್ಲಿ, 'ಧಪ್' ಎಂದು ಕೇಳಿಸುತ್ತಿತ್ತು. ಅಜ್ಜಿಯನ್ನು ಕೇಳಿದೆ. "ಅಷ್ಟು ದೂರ ನೀರಿನ ಮೇಲೆ ನಡಕೊಂಡು ಬರಬೇಕಲ್ಲಪ್ಪ ಅದು, ತಡ ಆಗೋದಿಲ್ವೆ?" ಅಂದಳು. ಮುಂದೆ ಹೈಸ್ಕೂಲಿನಲ್ಲಿ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ ಎಂದು ಮೇಷ್ಟ್ರು ಬರೆಸಿದಾಗ, ಅಜ್ಜಿಗಿಂತ ಹೆಚ್ಚಿನದನ್ನೇನೂ ಅವರು ಹೇಳಿದರೆಂದು ನನಗೆ ತೋರಲಿಲ್ಲ.

ಇಷ್ಟು ತಿಳಿದಿದ್ದ ನಾನು, ಮುಂದೆ ಎಂ. ಎ. ಓದಿ, ಒಂದು ಪ್ರಯೋಗಾಲಯದಲ್ಲಿ ಸಂಶೋಧನ ಸಹಾಯಕನಾಗಿ ಕುಳಿತು, ಕಣ್ಣಿಗೆ ಕಂಡದ್ದೂ ಕಿವಿಗೆ ಕೇಳಿದ್ದೂ ಒಂದೇ ಗಳಿಗೆಯಲ್ಲಿ ಆಯಿತೆಂದು ನಂಬಿ, ಇಪ್ಪತ್ತೆರಡು ಮಕ್ಕಳ ಮೇಲೆ ಒಂದು ದೊಡ್ಡ ಸುಳ್ಳನ್ನು ಬರೆದುಬಿಡುವುದರಲ್ಲಿದ್ದೆ. ಈ ಸಂಚಿಕೆಯ ವಿದ್ಯಾರ್ಥಿ ಸಂಪಾದಕರು ಬಂದು "ಸಾರ್, ನಿಮ್ಮ ವಿಭಾಗದಿಂದ ಏನಾದರೂ ವೈಜ್ಞಾನಿಕವಾದದ್ದು ಬೇಕು" ಎಂದು ಮೂರು ಸಲ ಬಾಗಿಲಲ್ಲಿ ನಿಂತರು. ಅವರಿಗೆ ಬೇಕಾದದ್ದು ಮನಸ್ಸಿನ ಶಕ್ತಿ, ನೆನಪಿನ ಗುಟ್ಟು, ಇಂಥಾದ್ದು. ನನ್ನ ಬಳಿ ಇರುವುದು ಈ ಒಂದು ಪೆದ್ದುತನದ ಕಥೆ. ಅದು ಅವರ ದುರದೃಷ್ಟ.

ಮನಶ್ಶಾಸ್ತ್ರವೆಂದರೆ ಮನಸ್ಸಿನ ಮಾತಲ್ಲವೆ, ಅದಕ್ಕೂ ತಂತಿಗಳಿಗೂ ಏನು ನಂಟು ಎಂದು ನಮ್ಮ ಕಾಲೇಜಿನಲ್ಲಿಯೇ ಕೆಲವರು ಕೇಳುವುದುಂಟು. ಅಂಥವರಿಗೆ ನಾನು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇನೆ. 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೊ ಕೇಂದ್ರವನ್ನು ಹೂಡಿದವರು ಅವರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಆ ಮನೆಯಿಂದ. ಮನಸ್ಸನ್ನು ಅಳೆಯಹೊರಟವನು ತಂತಿಯನ್ನು ಕಲಿಯಲೇಬೇಕು. ಕಲಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನಿದ್ದೇನೆ.

ನಮ್ಮ ಮಿದುಳಿನಲ್ಲಿ ಸದಾ ಸಣ್ಣ ವಿದ್ಯುತ್ತಿನ ಏರಿಳಿತ ನಡೆಯುತ್ತಿರುತ್ತದೆ. ನೆತ್ತಿಯ ಮೇಲೆ ಲೋಹದ ಬಿಲ್ಲೆಗಳನ್ನು ಅಂಟಿಸಿದರೆ ಅದು ಚರ್ಮದ ಹೊರಗೂ ಸಿಕ್ಕುತ್ತದೆ. ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮನುಷ್ಯನ ತಲೆಯಿಂದ ಇದನ್ನು ಮೊದಲು ಹಿಡಿದರು. ತಾವು ಕಂಡದ್ದು ನಿಜವೇ ಎಂಬ ಅನುಮಾನ ತೀರದೆ ಐದು ವರ್ಷ ಸುಮ್ಮನಿದ್ದು 1929ರಲ್ಲಿ ಪ್ರಕಟಿಸಿದರು. (ಈಗಿನವರು ಐದು ವಾರ ಕಾಯುವುದಿಲ್ಲ, ನಾನಂತೂ ಕಾಯಲಿಲ್ಲ.) ಟಾರ್ಚಿನ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟು ಇರುತ್ತದಲ್ಲ, ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರೋವೋಲ್ಟು ಎಂದು ಹೆಸರು. ಕಣ್ಣು ಮುಚ್ಚಿ ನೆಮ್ಮದಿಯಾಗಿ ಕುಳಿತವನ ತಲೆಯಲ್ಲಿ ಸೆಕೆಂಡಿಗೆ ಹತ್ತರಂತೆ ಏಳುವ ಅಲೆ ಕೆಲವು ಹತ್ತು ಮೈಕ್ರೋವೋಲ್ಟು. ಆದರೆ ಅವನ ಕಿವಿಯಲ್ಲಿ ಒಂದು ಶಬ್ದ ಮಾಡಿದರೆ ಅದಕ್ಕೆಂದೇ ಮಿದುಳು ಕೊಡುವ ಉತ್ತರ ಕೆಲವೇ ಕೆಲವು ಮೈಕ್ರೋವೋಲ್ಟು. ಜಾತ್ರೆಯ ಗದ್ದಲದಲ್ಲಿ ಯಾರೋ ಒಬ್ಬರು ಪಿಸುಗುಟ್ಟಿದ ಹಾಗೆ.

ಆ ಪಿಸುಮಾತನ್ನು ಹಿಡಿಯುವುದು ಹೇಗೆ? ಒಂದೇ ಶಬ್ದವನ್ನು ನೂರು ಸಲ ಕೇಳಿಸಬೇಕು. ಪ್ರತಿಸಲವೂ ಶಬ್ದ ಹೊರಟ ಗಳಿಗೆಯಿಂದ ಲೆಕ್ಕ ಹಿಡಿದು ಮುಂದಿನ ಒಂದು ಸೆಕೆಂಡಿನ ತುಂಡನ್ನು ಕತ್ತರಿಸಿಕೊಳ್ಳಬೇಕು. ಆ ನೂರು ತುಂಡುಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯಬೇಕು. ಶಬ್ದಕ್ಕೆ ಸಂಬಂಧವಿಲ್ಲದ ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇದ್ದು ತನ್ನಲ್ಲಿ ತಾನೇ ಹೊಡೆದಾಡಿ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಶಬ್ದಕ್ಕೆ ಉತ್ತರವಾಗಿ ಪ್ರತಿಸಲವೂ ಅದೇ ಹೊತ್ತಿಗೆ ಏಳುವ ಅಲೆ ಮಾತ್ರ ಉಳಿಯುತ್ತದೆ. ಲಂಡನ್ನಿನ ಜಾರ್ಜ್ ಡಾಸನ್ 1947ರಲ್ಲಿ ಇದನ್ನು ಫೋಟೋಗಳನ್ನು ಒಂದರ ಮೇಲೊಂದು ಹೊಂದಿಸಿ ತೋರಿಸಿದರು. 1950ರ ಆಸುಪಾಸಿನಲ್ಲಿ ಸರಾಸರಿ ತೆಗೆಯುವ ಯಂತ್ರವನ್ನೇ ಮಾಡಿದರು. 1965ರಲ್ಲಿ ಅಮೆರಿಕದ ಸಟನ್ ಮತ್ತು ಸಂಗಡಿಗರು, ನಿರೀಕ್ಷಿಸದ ಶಬ್ದ ಬಂದಾಗ ಸುಮಾರು 300 ಮಿಲಿಸೆಕೆಂಡಿಗೆ ಒಂದು ದೊಡ್ಡ ಅಲೆ ಏಳುವುದನ್ನು ಕಂಡದ್ದೂ ಈ ದಾರಿಯಿಂದಲೇ. ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಕಣ್ಣೆವೆ ಒಮ್ಮೆ ಬಡಿಯುವುದರೊಳಗೆ ನೂರಕ್ಕೂ ಮೇಲೆ ಆಗಿಹೋಗುತ್ತವೆ.

ಎಲ್ಲವೂ ನಿಂತಿರುವುದು 'ಶಬ್ದ ಹೊರಟ ಗಳಿಗೆ' ಎಂಬ ಒಂದು ಮಾತಿನ ಮೇಲೆ. ಅದನ್ನು ಯಾರು ಹೇಳಬೇಕು? ಶಬ್ದವನ್ನು ಕೇಳಿಸುವುದು ಒಂದು ಕಂಪ್ಯೂಟರು. ಮಿದುಳಿನ ಅಲೆಯನ್ನು ಬರೆದುಕೊಳ್ಳುವುದು ಬೇರೊಂದು ಯಂತ್ರ. ಆದ್ದರಿಂದ ಮೊದಲನೆಯದು ಶಬ್ದ ಮಾಡುವಾಗಲೆಲ್ಲ ಎರಡನೆಯದಕ್ಕೆ ಒಂದು ತಂತಿಯ ಮೂಲಕ "ಇಗೋ, ಈಗ" ಎಂದು ಒಂದು ಸಂಜ್ಞೆಯನ್ನು ಕಳುಹಿಸುತ್ತದೆ. ಅಲೆಯ ಗೆರೆಯ ಕೆಳಗೆ ಅದೊಂದು ಸಣ್ಣ ಕಡ್ಡಿಯಂತೆ ಮೂಡುತ್ತದೆ. ಅದಕ್ಕೆ ನಾವು ಗುರುತು ಎನ್ನುತ್ತಿದ್ದೆವು. ನೂರು ಅಲೆಗಳನ್ನು ಹೊಂದಿಸುವುದು ಈ ಗುರುತಿನ ಆಧಾರದಿಂದ. ನಮ್ಮ ಆಫೀಸಿನ ರಬ್ಬರು ಮೊಹರನ್ನು ನೋಡಿದ್ದೀರಲ್ಲ. ಒಂದೇ ಜಾಗದಲ್ಲಿ ಹತ್ತು ಸಲ ಒತ್ತಿದರೆ ಅಕ್ಷರ ಕಪ್ಪಗೆ ಮೂಡುತ್ತದೆ. ಕೈ ಅಲುಗಾಡಿಸುತ್ತ ಹತ್ತು ಸಲ ಒತ್ತಿದರೆ ಮಸಿಯ ಮುದ್ದೆ. ಪ್ರತಿಸಲವೂ ಒಂದೇ ಅಳತೆಯಲ್ಲಿ ಪಕ್ಕಕ್ಕೆ ಸರಿಸಿ ಒತ್ತಿದರೋ, ಅಕ್ಷರವೇನೋ ಸೊಗಸಾಗಿಯೇ ಇರುತ್ತದೆ, ಆದರೆ ಇರಬೇಕಾದ ಜಾಗದಲ್ಲಿರುವುದಿಲ್ಲ. ಗುರುತು ತಪ್ಪುವುದು ಈ ಎರಡು ಬಗೆಯಲ್ಲಿ. ಎರಡನೆಯ ಬಗೆಯೇ ಹೆಚ್ಚು ಮೋಸಗಾರ, ಏಕೆಂದರೆ ಅದು ಚೆಂದವಾಗಿರುತ್ತದೆ.

ನಮ್ಮ ಪ್ರಯೋಗ ಇದು. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ 'ಬ' ಎಂಬ ಶಬ್ದವನ್ನು ಮತ್ತೆ ಮತ್ತೆ ಕೇಳಿಸುವುದು. ನಡುನಡುವೆ, ಹತ್ತಕ್ಕೆ ಒಂದರಂತೆ, 'ಪ'. 'ಪ' ಬಂದಾಗ ಗುಂಡಿ ಒತ್ತಬೇಕು. ಅಕ್ಷರ ಕಲಿಕೆಗೂ ಧ್ವನಿಗಳನ್ನು ಬೇರ್ಪಡಿಸಿ ಕೇಳುವ ವೇಗಕ್ಕೂ ಏನು ಸಂಬಂಧ ಎಂಬುದು ಪ್ರೊಫೆಸರ ಪ್ರಶ್ನೆ. 24 ಮಕ್ಕಳು ನಗರದ ಒಂದು ಶಾಲೆಯವರು, 22 ಮಕ್ಕಳು ಇಪ್ಪತ್ತೈದು ಮೈಲಿ ಆಚೆಯ ಒಂದು ಹಳ್ಳಿಯ ಶಾಲೆಯವರು. ಹತ್ತಿರದವರನ್ನು ಮೊದಲು ಮುಗಿಸಿಬಿಡೋಣ, ದೂರದವರನ್ನು ಆಮೇಲೆ ಕರೆಸೋಣ ಎಂದು ನಾನು ಯೋಜನೆ ಹಾಕಿದೆ. ಬಸ್ಸಿನ ಖರ್ಚು ಉಳಿಯುತ್ತದೆ ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ. ಒಬ್ಬರಾದ ಮೇಲೊಬ್ಬರಂತೆ ಎರಡು ಕಡೆಯವರನ್ನೂ ಬೆರೆಸಿ ಕರೆಸಬೇಕಾಗಿತ್ತೆಂಬುದು ಈಗ ನಾನು ಮೊದಲ ವರ್ಷದ ಬಿ. ಎ. ತರಗತಿಗೆ ಹೇಳುವ ಮೊದಲ ಪಾಠ.

2012ರ ಬೇಸಗೆಯ ಕೊನೆಯಲ್ಲಿ ನಗರದ ಮಕ್ಕಳು ಮುಗಿದರು. ಮುಂಗಾರಿನ ಮೊದಲ ಗುಡುಗಿಗೆ ನಮ್ಮ ಕಟ್ಟಡದ ಮೇಲೆಯೇ ಸಿಡಿಲು ಇಳಿದ ಹಾಗಾಗಿ, ಶಬ್ದ ಕೇಳಿಸುವ ಹಳೆಯ ಕಂಪ್ಯೂಟರು ಸುಟ್ಟುಹೋಯಿತು. ಹೊಸದು ಬಂತು. ಥಳಥಳನೆ ಹೊಳೆಯುತ್ತಿತ್ತು, ವೇಗವೂ ಹೆಚ್ಚು. ಹಳೆಯದರ ಬೆನ್ನಿಗೆ ಇದ್ದ ಅಗಲವಾದ ಪ್ಯಾರಲೆಲ್ ಪೋರ್ಟು, ಅದರಿಂದಲೇ ಗುರುತಿನ ಸಂಜ್ಞೆ ಹೊರಡುತ್ತಿದ್ದದ್ದು, ಹೊಸದಕ್ಕೆ ಇರಲಿಲ್ಲ. ನಾನೇ ಪೇಟೆಗೆ ಹೋಗಿ ಯು.ಎಸ್.ಬಿ.ಗೆ ಸಿಕ್ಕಿಸುವ ಒಂದು ಅಡಾಪ್ಟರು ತಂದು ಹಾಕಿದೆ. ಹಳೆಯ ಪ್ರೋಗ್ರಾಮನ್ನು ಅದರಲ್ಲಿ ಓಡಿಸಿದೆ. ಹೆಡ್‌ಫೋನು ಕಿವಿಗಿಟ್ಟರೆ 'ಬ' ಕೇಳಿಸಿತು. ಗೆರೆಯ ಕೆಳಗೆ ಗುರುತೂ ಮೂಡಿತು. ಕಣ್ಣಿಗೂ ಕಿವಿಗೂ ಎರಡೂ ಒಟ್ಟಿಗೇ ಆದಂತಿತ್ತು. ಇನ್ನೇನು ಬೇಕು? ಕೆರೆಯ ಏರಿಯ ಮೇಲೆ ಕಲಿತದ್ದು ಆ ದಿನ ನನ್ನ ತಲೆಯಿಂದ ಪೂರ್ತಿ ಹಾರಿಹೋಗಿದ್ದಿತು.

ಹಳ್ಳಿಯ ಮಕ್ಕಳು ಬಂದರು. ಮುಂಜಾನೆ ಆರರ ಬಸ್ಸಿಗೆ ಹೊರಟು, ಕೆಲವರು ತಾಯಂದಿರ ಜೊತೆ, ಕೆಲವರು ಮೇಷ್ಟ್ರ ಜೊತೆ. "ತಲೆಗೆ ಎಣ್ಣೆ ಹಚ್ಚದೆ ಕಳುಹಿಸಿ" ಎಂದು ಚೀಟಿ ಬರೆದು ಕಳುಹಿಸಿದ್ದೆವು. ಎಣ್ಣೆ ಇದ್ದರೆ ಬಿಲ್ಲೆ ಚರ್ಮಕ್ಕೆ ಸರಿಯಾಗಿ ಹತ್ತುವುದಿಲ್ಲ. ಆದರೆ ಮಗಳನ್ನು ದೊಡ್ಡ ಊರಿನ ದೊಡ್ಡ ಡಾಕ್ಟರ ಬಳಿಗೆ (ನಾವು ಡಾಕ್ಟರಲ್ಲವೆಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ) ಕಳುಹಿಸುವ ತಾಯಿ ಒಣ ತಲೆಯಲ್ಲಿ ಕಳುಹಿಸುತ್ತಾಳೆಯೆ? ಹೊಳೆಯುವ ಹಾಗೆ ಹರಳೆಣ್ಣೆ ಹಚ್ಚಿ, ಎಳೆದು ಜಡೆ ಹೆಣೆದು, ಕನಕಾಂಬರ ಮುಡಿಸಿ ಕಳುಹಿಸಿದ್ದರು. ನಲ್ಲಿಯ ಕೆಳಗೆ ಒಬ್ಬೊಬ್ಬರ ತಲೆ ತೊಳೆಯುವುದೇ ಒಂದು ದೊಡ್ಡ ಕೆಲಸವಾಯಿತು. ಆ ಮೇಲೆ ನಲವತ್ತು ನಿಮಿಷ ಅಲ್ಲಾಡದೆ ಕುಳಿತು 'ಬ, ಬ, ಬ' ಕೇಳಿಸಿಕೊಳ್ಳಬೇಕು. ಮಕ್ಕಳು ಕುಳಿತರು. ನಗರದ ಮಕ್ಕಳಿಗಿಂತ ಅಲ್ಲಾಡದೆ ಕುಳಿತರು. ಇದನ್ನು ನನ್ನ ಆಗಿನ ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದೇನೆ.

ಲೆಕ್ಕ ಹಾಕಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಸಂತೋಷದಿಂದ. ನಗರದ ಮಕ್ಕಳ ಸರಾಸರಿ ಅಲೆಯನ್ನು ನೀಲಿಯಲ್ಲಿಯೂ ಹಳ್ಳಿಯ ಮಕ್ಕಳದನ್ನು ಕೆಂಪಿನಲ್ಲಿಯೂ ಬರೆದರೆ ಎರಡು ಬೆಟ್ಟಸಾಲುಗಳು ಒಂದರ ಹಿಂದೊಂದು ನಿಂತಂತೆ ಕಾಣುತ್ತಿದ್ದವು. ಕೆಂಪಿನ ಪ್ರತಿಯೊಂದು ಶಿಖರವೂ ನೀಲಿಗಿಂತ 40 ಮಿಲಿಸೆಕೆಂಡು ಹಿಂದೆ. ಮೊದಲ ಶಿಖರ ಎತ್ತರದಲ್ಲಿಯೂ ಹತ್ತರಲ್ಲೊಂದು ಪಾಲು ಕಡಿಮೆ. ಮಿದುಳಿನ ಅಳತೆಯಲ್ಲಿ 40 ಮಿಲಿಸೆಕೆಂಡೆಂದರೆ ಸಾಮಾನ್ಯವಲ್ಲ. ನಾನು ವರದಿ ಬರೆಯಲು ಕುಳಿತೆ. 'ಗ್ರಾಮೀಣ ಮಕ್ಕಳಲ್ಲಿ ಧ್ವನಿಗ್ರಹಣದ ವಿಳಂಬ' ಎಂದು ಶೀರ್ಷಿಕೆ. ಕಾರಣಗಳಿಗೆ ಬರವೆ? ಪೌಷ್ಟಿಕ ಆಹಾರದ ಕೊರತೆ, ಚಿಕ್ಕಂದಿನ ಕಿವಿ ಸೋರುವಿಕೆ, ಮನೆಯಲ್ಲಿ ಪುಸ್ತಕಗಳಿಲ್ಲದಿರುವುದು. ಎರಡು ಪುಟ ತುಂಬಾ ಕಾರಣಗಳೇ. ಒಂದೊಂದೂ ಕೇಳಿದವರು ತಲೆದೂಗುವಂಥ ಕಾರಣ.

ನಾನು ಹುಟ್ಟಿದ್ದು ಹಳ್ಳಿಯಲ್ಲಿ. ಪಿ. ಯು. ಸಿ. ಓದಲು ಪಟ್ಟಣಕ್ಕೆ ಬಂದಾಗ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆ ನನ್ನೊಳಗೆ ಕನ್ನಡವಾಗಿ, ಉತ್ತರ ಮತ್ತೆ ಇಂಗ್ಲಿಷಾಗಿ ಬಾಯಿಗೆ ಬರುವುದರೊಳಗೆ ಪಕ್ಕದವನು ಉತ್ತರ ಹೇಳಿ ಕುಳಿತುಬಿಡುತ್ತಿದ್ದ. 'ಸ್ವಲ್ಪ ಮಂದ' ಎಂದು ಅಧ್ಯಾಪಕರೊಬ್ಬರು ನನ್ನ ಎದುರಿಗೇ ಇನ್ನೊಬ್ಬರಿಗೆ ಹೇಳಿದ್ದರು. ಆ ಮಾತು ಎಷ್ಟು ವರ್ಷ ಕಳೆದರೂ ಎದೆಯಿಂದ ಹೋಗಿರಲಿಲ್ಲ. ಆದರೂ ಆ ವರದಿಯನ್ನು ಬರೆಯುವಾಗ ನನ್ನ ಕೈ ಒಂದು ಸಲವೂ ತಡೆಯಲಿಲ್ಲ. ತಡೆಯಲಿಲ್ಲ ಮಾತ್ರವಲ್ಲ, ನೋಡಿ, ನನ್ನ ಮಂದತನಕ್ಕೆ ಶಾಸ್ತ್ರೀಯವಾದ ಕಾರಣ ಸಿಕ್ಕಿತು ಎಂದು ಒಳಗೊಳಗೇ ಒಂದು ವಿಚಿತ್ರವಾದ ಸಮಾಧಾನವೂ ಆಯಿತೆಂದು ಈಗ ಅನಿಸುತ್ತದೆ.

ನಮ್ಮಲ್ಲಿ ಒಬ್ಬರು ಹಿರಿಯ ತಾಂತ್ರಿಕ ಸಹಾಯಕರಿದ್ದರು. ಡಿಪ್ಲೊಮಾ ಓದಿದವರು, ನಿವೃತ್ತಿಗೆ ಎರಡು ವರ್ಷವಿತ್ತು. ಅವರ ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರು. ಪ್ರೊಫೆಸರಿಗೆ ಕೊಡುವ ಮೊದಲು ಚಿತ್ರವನ್ನು ಯಾರಿಗಾದರೂ ತೋರಿಸಬೇಕೆಂಬ ಚಪಲ ನನಗೆ. ಅವರು ಬೀಡಾ ಜಗಿಯುತ್ತ ಬಹಳ ಹೊತ್ತು ನೋಡಿದರು.

"ಮೊದಲನೇದು ಎಷ್ಟು ಹಿಂದೆ ಅಂದೆ?"

"40 ಸಾರ್."

"ಕೊನೇದು?"

"ಅದೂ 40."

"ಏನಪ್ಪಾ, ನೀನು ಬಸ್ಸಿನಲ್ಲಿ ಓಡಾಡಿದವನು. ದಾರೀಲಿ ಬಸ್ಸು ನಿಧಾನ ಆದರೆ ಹೇಗೆ ತಡವಾಗುತ್ತೆ? ಮೊದಲನೇ ಸ್ಟಾಪಿಗೆ ಐದು ನಿಮಿಷ, ಆಮೇಲೆ ಹತ್ತು, ಊರು ಸೇರೋ ಹೊತ್ತಿಗೆ ನಲವತ್ತು. ಎಲ್ಲಾ ಸ್ಟಾಪಿನಲ್ಲೂ ಒಂದೇ ಸಮ ನಲವತ್ತು ನಿಮಿಷ ತಡ ಅಂದರೆ ಡ್ರೈವರನ್ನ ಬೈಬೇಡ. ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತಿಗೆ ಬಿಟ್ಟರು, ಅದನ್ನ ಕೇಳು."

ನನ್ನ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ಅವರು ಎದ್ದು ಹೋಗಿ ಹೆಡ್‌ಫೋನಿನ ತಂತಿಯನ್ನು ಕವಲೊಡೆಸಿ, ಒಂದು ಕವಲನ್ನು ಎರಡು ರೆಸಿಸ್ಟರುಗಳ ಮೂಲಕ ತಗ್ಗಿಸಿ, ಅಲೆ ಬರೆಯುವ ಯಂತ್ರದಲ್ಲಿ ಖಾಲಿಯಿದ್ದ ಒಂದು ಚಾನಲ್ಲಿಗೆ ಬೆಸೆದರು. ಅಂದರೆ ಈಗ ಶಬ್ದವೇ ಒಂದು ಗೆರೆಯಾಗಿ, ಗುರುತಿನ ಪಕ್ಕದಲ್ಲಿ, ಒಂದೇ ಗಡಿಯಾರದ ಕೆಳಗೆ ಮೂಡುತ್ತದೆ. ಇಡೀ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಲಿಲ್ಲ. ಪ್ರೋಗ್ರಾಮನ್ನು ಓಡಿಸಿದೆವು. ಗುರುತಿನ ಕಡ್ಡಿ ಮೊದಲು ಬಂತು. ಆಮೇಲೆ ಒಂದು ಬರಿದಾದ ಜಾಗ. ಆಮೇಲೆ 'ಬ'ದ ಗೆರೆ ಎದ್ದಿತು. ಸಾಕಷ್ಟು ದೊಡ್ಡ ಕೆರೆಯೇ ನಡುವೆ ಇದ್ದಂತಿತ್ತು.

ಇನ್ನೂರು ಸಲ ಅಳೆದೆವು. ಗುರುತಿಗೂ ಶಬ್ದಕ್ಕೂ ನಡುವೆ ಒಮ್ಮೆ 34 ಮಿಲಿಸೆಕೆಂಡು, ಒಮ್ಮೆ 59, ಉಳಿದವು ಈ ಎರಡರ ನಡುವೆ ಎಲ್ಲೆಂದರಲ್ಲಿ, ಸರಾಸರಿ 46. ಹಳೆಯ ಕಂಪ್ಯೂಟರನ್ನು ಕೊಂಡ ವರ್ಷ ಅವರೇ ಮಾಡಿಟ್ಟಿದ್ದ ಅಳತೆ ಒಂದು ಹಳೆಯ ರಿಜಿಸ್ಟರಿನಲ್ಲಿ ಸಿಕ್ಕಿತು: 6 ಮಿಲಿಸೆಕೆಂಡು, ಪ್ರತಿಸಲವೂ 6. ನಲವತ್ತಾರರಲ್ಲಿ ಆರು ಕಳೆದರೆ ಎಷ್ಟೆಂದು ಅವರು ನನ್ನನ್ನು ಕೇಳಲಿಲ್ಲ. ಅದು ಅವರ ದೊಡ್ಡತನ.

ಕಾರಣವೇನೆಂದರೆ, ಕಂಪ್ಯೂಟರಿಗೆ 'ಶಬ್ದ ಮಾಡು' ಎಂದು ಅಪ್ಪಣೆ ಕೊಟ್ಟೊಡನೆ ಅದು ಮಾಡುವುದಿಲ್ಲ. ಶಬ್ದವನ್ನು ಚೂರುಚೂರಾಗಿ ಒಂದು ತೊಟ್ಟಿಗೆ ತುಂಬಿಕೊಂಡು, ತೊಟ್ಟಿ ತುಂಬಿದ ಮೇಲೆ ಹೊರಗೆ ಬಿಡುತ್ತದೆ. ಹಾಡು ಕೇಳುವವನಿಗೆ ನಡುವೆ ಕಡಿಯಬಾರದೆಂಬ ಕಾಳಜಿ ಅದಕ್ಕೆ. ಅಪ್ಪಣೆ ಹೋದಾಗ ತೊಟ್ಟಿ ಎಷ್ಟು ತುಂಬಿತ್ತೋ ಅದರ ಮೇಲೆ ತಡವೂ ಹೆಚ್ಚು ಕಡಿಮೆ. ಗುರುತು ಮಾತ್ರ ಅಪ್ಪಣೆಯ ಜೊತೆಗೇ ಹೊರಟುಬಿಡುತ್ತದೆ. ಚಿತ್ರ ತೋರಿಸುವ ಪ್ರಯೋಗಗಳಲ್ಲಿಯೂ ಇದೇ ಪಾಡೆಂದು ಅವರು ಹೇಳಿದರು. ಸಾಧಾರಣ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ, ಒಂದಕ್ಕೆ ಹದಿನಾರೂ ಚಿಲ್ಲರೆ ಮಿಲಿಸೆಕೆಂಡು. ಮೇಲಿನ ಅಂಚು ಮೊದಲು, ಕೆಳಗಿನ ಅಂಚು ಕೊನೆಗೆ. ಆದ್ದರಿಂದ ಬಲ್ಲವರು ಪರದೆಯ ಮೂಲೆಗೆ ಬೆಳಕನ್ನು ಗ್ರಹಿಸುವ ಒಂದು ಸಣ್ಣ ಕಣ್ಣನ್ನು ಅಂಟಿಸಿ, ಕಂಪ್ಯೂಟರು ಹೇಳಿದ ಗಳಿಗೆಯನ್ನು ಬಿಟ್ಟು ಬೆಳಕು ನಿಜವಾಗಿ ಬಿದ್ದ ಗಳಿಗೆಯನ್ನೇ ಗುರುತಾಗಿ ಹಿಡಿಯುತ್ತಾರೆ. ಹಸುಗೂಸುಗಳ ಕಿವಿ ಕೇಳುತ್ತದೆಯೇ ಎಂದು ಪರೀಕ್ಷಿಸುವಾಗ ಮಿದುಳಿನ ಬುಡದಿಂದ ಬರುವ ಅಲೆಗಳು ಶಬ್ದವಾದ ಹತ್ತು ಮಿಲಿಸೆಕೆಂಡಿನೊಳಗೇ ಎದ್ದು ಮುಗಿದಿರುತ್ತವೆ. ಅಲ್ಲಿ ಒಂದು ಮಿಲಿಸೆಕೆಂಡು ತಪ್ಪಿದರೂ ನೆಟ್ಟಗಿರುವ ಮಗು ರೋಗಿಯಾಗುತ್ತದೆ.

"ನಲವತ್ತು ಕಳೆದುಬಿಡೋಣ ಸಾರ್, ಸರಿಹೋಗುತ್ತಲ್ಲ?" ಎಂದೆ. ಒಂದೇ ಸಮನಾದ ತಡವಾಗಿದ್ದರೆ ಕಳೆದುಬಿಡಬಹುದಾಗಿತ್ತು. ಇಲ್ಲಿ ತಡ 34ರಿಂದ 59ರವರೆಗೆ ಓಲಾಡುತ್ತಿತ್ತು. ಮಕ್ಕಳು ಕುಳಿತಿದ್ದಾಗ ಯಾವ ಸಲ ಎಷ್ಟಿತ್ತೆಂದು ಬ್ರಹ್ಮನೂ ಹೇಳಲಾರ. ಓಲಾಟ 25 ಮಿಲಿಸೆಕೆಂಡಿನಷ್ಟು ಅಗಲ. ಸೆಕೆಂಡಿಗೆ ಹತ್ತರಂತೆ ಏಳುವ ನಿಧಾನದ ಅಲೆಯನ್ನು ಅಷ್ಟು ಅಲ್ಲಾಡಿಸಿ ಸರಾಸರಿ ತೆಗೆದರೆ ಅದರ ಎತ್ತರ ಹತ್ತರಲ್ಲೊಂದು ಪಾಲು ತಗ್ಗುತ್ತದೆ. ಮೊದಲ ಶಿಖರ ತಗ್ಗಿದ್ದು ಯಾಕೆಂದು ಆಗ ತಿಳಿಯಿತು. ಅದಕ್ಕೂ ನಾನು ರಕ್ತಹೀನತೆಯನ್ನು ಕಾರಣ ಮಾಡಿದ್ದೆ. ಸೆಕೆಂಡಿಗೆ ನಲವತ್ತರಂತೆ ಏಳುವ ವೇಗದ ಅಲೆಯ ಗತಿ ಇನ್ನೂ ಕೆಟ್ಟದ್ದು. ಅದರ ಒಂದು ಏರಿಳಿತಕ್ಕೆ ಹಿಡಿಯುವುದೇ 25 ಮಿಲಿಸೆಕೆಂಡು. ಒಂದರ ಏರು ಇನ್ನೊಂದರ ಇಳಿಗೆ ಬಿದ್ದು, ನೂರು ಸೇರಿಸಿದರೆ ಉಳಿಯುವುದು ಸೊನ್ನೆ. ಅಲೆ ಇದ್ದೂ ಇಲ್ಲವಾಗುತ್ತದೆ. ಅಂಥ ಅಲೆ ಹಳ್ಳಿಯ ಮಕ್ಕಳಲ್ಲಿ 'ಕಂಡುಬಂದಿಲ್ಲ' ಎಂದು ವರದಿಯ ಹನ್ನೊಂದನೆಯ ಪುಟದಲ್ಲಿ ನಾನು ಬರೆದಿದ್ದೆ.

ಈ ಬಗೆಯ ತಪ್ಪಿಗೆ ಒಂದು ಹಳೆಯ ಅಣ್ಣನಿದ್ದಾನೆ. ಅವನ ಕಥೆಯನ್ನು ನಾನು ಓದಿದ್ದು ಆ ದಿನಗಳಲ್ಲೇ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಮ್ಯಾಸ್ಕಲಿನ್ ಎಂಬುವರು ರಾಜಜ್ಯೋತಿಷಿ, ಅಂದರೆ ಅರಮನೆಯ ಖಗೋಳಜ್ಞರು. ದೂರದರ್ಶಕದಲ್ಲಿ ಕಟ್ಟಿದ ಎಳೆಯನ್ನು ನಕ್ಷತ್ರ ದಾಟುವ ಗಳಿಗೆಯನ್ನು, ಗಡಿಯಾರದ ಟಿಕ್ ಟಿಕ್ ಕೇಳುತ್ತ ಕಣ್ಣಂದಾಜಿನಿಂದ ಬರೆದುಕೊಳ್ಳುವುದು ಆಗಿನ ರೂಢಿ. ಅವರ ಸಹಾಯಕ ಕಿನ್‌ಬ್ರೂಕ್ ಬರೆದದ್ದು ಯಜಮಾನರದಕ್ಕಿಂತ ಮೊದಲು ಅರ್ಧ ಸೆಕೆಂಡು, ಆಮೇಲೆ ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು ತಡವಾಗುತ್ತ ಬಂತು. ಎಚ್ಚರಿಸಿದರು, ಸರಿಹೋಗಲಿಲ್ಲ. 1796ರಲ್ಲಿ ಅವನನ್ನು ಕೆಲಸದಿಂದ ತೆಗೆದುಹಾಕಿದರು. ಮುಂದೆ ಕೋನಿಗ್ಸ್‌ಬರ್ಗಿನ ಬೆಸೆಲ್ ಎಂಬ ಖಗೋಳಜ್ಞರು ಆ ದಾಖಲೆಯನ್ನು ಓದಿ, ತಪ್ಪು ಅವನದೇ ಏನು ಎಂದು ಯೋಚಿಸಿ, 1820ರ ಸುಮಾರಿಗೆ ತಮ್ಮನ್ನೂ ಬೇರೊಬ್ಬ ನುರಿತ ಖಗೋಳಜ್ಞರನ್ನೂ ಹೋಲಿಸಿ ನೋಡಿದರು. ಇಬ್ಬರು ಪಂಡಿತರ ನಡುವೆ ಒಂದು ಸೆಕೆಂಡಿಗೂ ಮೇಲ್ಪಟ್ಟು ಅಂತರ! ಕಣ್ಣನ್ನೂ ಕಿವಿಯನ್ನೂ ಹೊಂದಿಸುವುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಮನಶ್ಶಾಸ್ತ್ರದ ಪ್ರಯೋಗಗಳ ಚರಿತ್ರೆ ಬರೆಯುವವರು ಇಲ್ಲಿಂದ ಆರಂಭಿಸುವುದುಂಟು. ಕಿನ್‌ಬ್ರೂಕನಿಗೆ ಇದರಿಂದ ಏನೂ ಉಪಯೋಗವಾಗಲಿಲ್ಲ. ಅವನು 1802ರಲ್ಲೇ ತೀರಿಹೋಗಿದ್ದ. ಇಪ್ಪತ್ತೆರಡು ಮಕ್ಕಳನ್ನು ನಾನು ಕಿನ್‌ಬ್ರೂಕರನ್ನಾಗಿ ಮಾಡಿದ್ದೆ, ಅಷ್ಟೆ. ಅವನಲ್ಲಾದರೂ ಅಂತರವೆಂಬುದು ನಿಜವಾಗಿ ಇತ್ತು.

ಪ್ರೊಫೆಸರಿಗೆ ಹೇಳಬೇಕಲ್ಲ. ಎರಡು ದಿನ ಹೇಳಲಿಲ್ಲ. ಸುಮ್ಮನಿದ್ದುಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ತಾಂತ್ರಿಕ ಸಹಾಯಕರು ಯಾರಿಗೂ ಹೇಳುವವರಲ್ಲ. ಅವರು ನನ್ನನ್ನು ನೋಡಿದಾಗಲೆಲ್ಲ ಜೇಬಿನ ಸ್ಕ್ರೂಡ್ರೈವರನ್ನು ಮುಟ್ಟಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಮೂರನೆಯ ದಿನ ಎರಡು ಗೆರೆಗಳ ಕಾಗದವನ್ನು ಹಿಡಿದು ಪ್ರೊಫೆಸರ ಕೋಣೆಗೆ ಹೋದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದನ್ನು ಅಚ್ಚು ಹಾಕಿಸಿದ್ದರೆ ಆ ಶಾಲೆಯ ಮಕ್ಕಳನ್ನು ಮುಂದೆ ಯಾರು ಯಾರು ಏನೇನು ಅನ್ನುತ್ತಿದ್ದರೋ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನನ್ನು ನೋಡಿ, "ಹೋಗಿ ಮತ್ತೆ ಕರಕೊಂಡು ಬಾ. ಈ ಸಲ ಬಸ್ಸಿನ ಖರ್ಚು ನೋಡಬೇಡ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಕರೆಯಲು ಊರಿಗೆ ನಾನೇ ಹೋಗಬೇಕಾಯಿತು. ಹೆಡ್‌ಮೇಷ್ಟ್ರು ಕುರ್ಚಿ ಹಾಕಿಸಿ, ಮಜ್ಜಿಗೆ ತರಿಸಿ, "ಯಾಕೆ, ನಮ್ಮ ಹುಡುಗರದು ಏನಾದರೂ ತಪ್ಪಾಯಿತೆ?" ಎಂದರು. ತಪ್ಪು ನಮ್ಮದು, ಯಂತ್ರದ ಗಡಿಯಾರ ಹೊಂದಿರಲಿಲ್ಲ ಎಂದೆ. 'ಯಂತ್ರದ' ಎಂದು ಹೇಳಿದೆನೇ ಹೊರತು 'ನನ್ನ' ಎಂದು ಬಾಯಿಗೆ ಬರಲಿಲ್ಲ. ಅವರು ನಂಬಿದಂತೆ ಕಾಣಲಿಲ್ಲ. ದೊಡ್ಡ ಊರಿನ ಯಂತ್ರ ತಪ್ಪುವುದುಂಟೆ?

22 ಮಕ್ಕಳಲ್ಲಿ 17 ಮಂದಿ ಬಂದರು. ಒಬ್ಬನ ತಂದೆ "ಒಂದು ಸಲ ತಲೆಗೆ ತಂತಿ ಹಾಕಿಸಿದ್ದು ಸಾಕು ಸ್ವಾಮಿ" ಎಂದು ಕೈಮುಗಿದರು. ಉಳಿದವರು ಊರು ಬಿಟ್ಟಿದ್ದರು, ಇಲ್ಲವೆ ಕೂಲಿಗೆ ಹೊರಟಿದ್ದರು. ಈ ಸಲ ನಗರದ ಶಾಲೆಯಿಂದಲೂ ಹೊಸದಾಗಿ ಮಕ್ಕಳನ್ನು ಕರೆಸಿ, ಅಲ್ಲಿಂದ ಒಬ್ಬರು ಇಲ್ಲಿಂದ ಒಬ್ಬರು ಎಂದು ಬೆರೆಸಿ, ಶಬ್ದದ ಗೆರೆಯನ್ನೂ ಪಕ್ಕದಲ್ಲಿಟ್ಟು ಬರೆದುಕೊಂಡೆವು. ಗುರುತನ್ನು ಆ ಗೆರೆಯಿಂದಲೇ ತೆಗೆದೆವು. ನೀಲಿ ಕೆಂಪು ಎರಡು ಬೆಟ್ಟಸಾಲುಗಳೂ ಒಂದರ ಮೇಲೊಂದು ಕುಳಿತವು. ಎರಡು ಮೂರು ಮಿಲಿಸೆಕೆಂಡಿನ ಅಂತರ ಉಳಿಯಿತು. ಅಷ್ಟನ್ನು ಅಂತರವೆಂದು ಹೇಳುವ ಶಕ್ತಿ ನಮ್ಮ ಯಂತ್ರಕ್ಕೆ ಇರಲಿಲ್ಲ. ಓದಿನಲ್ಲಿ ಹಿಂದುಳಿದ ಮಕ್ಕಳು ಎರಡು ಶಾಲೆಗಳಲ್ಲಿಯೂ ಇದ್ದರು, ಮುಂದಿದ್ದವರೂ ಇದ್ದರು. ಅಂಥ ಫಲಿತಾಂಶವನ್ನು ಅಚ್ಚು ಹಾಕುವ ಪತ್ರಿಕೆ ಸಿಗಲಿಲ್ಲ.

ಮೊದಲ ದಿನ ಮೊದಲು ಕುರ್ಚಿಯ ಮೇಲೆ ಕುಳಿತವಳು, ಹೋದ ಸಲವೂ ಮೊದಲಿಗಳಾಗಿದ್ದ ಹುಡುಗಿ. ನಾನು ಬಿಲ್ಲೆಗೆ ಮುಲಾಮು ತುಂಬುತ್ತಿದ್ದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದು, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

"ಹೋದ ಸಲ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ವಾ ಸಾರ್?"

"ಸರಿಯಾಗಿಯೇ ಕೇಳಿಸಿಕೊಂಡೆ ಕಣಮ್ಮ. ನಾನು ಗಡಿಯಾರ ನೋಡಿರಲಿಲ್ಲ."

ಅವಳಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ತಲೆಯನ್ನು ಸ್ವಲ್ಪ ಬಗ್ಗಿಸಿ, ಒಣಗಿ ಕೆದರಿದ ಕೂದಲನ್ನು ಕೈಯಿಂದ ಎತ್ತಿ ತೋರಿಸಿದಳು.

"ಈ ಸಲ ಒಂದು ತೊಟ್ಟೂ ಎಣ್ಣೆ ಹಚ್ಚಿಲ್ಲ ನೋಡಿ ಸಾರ್. ಹೋದ ಸಲ ಎಣ್ಣೆಯಿಂದಲೇ ಮಿಷನ್ನು ಕೆಟ್ಟೋಯ್ತು ಅಂತ ನಮ್ಮವ್ವ ಬಹಳ ಬೇಜಾರು ಮಾಡ್ಕೊಂಡಿತ್ತು."